ದೋಸೆ ತಿಂದಾಯಿತು, ಮಿಲ್ಲು ತೋರಿಸಿ: ದಾವಣಗೆರೆಯ ಆಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಾನಗರ ಪಾಲಿಕೆಯ ಮೇಯರ್ ಮತ್ತು ಆಯುಕ್ತರಿಗೆ, ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ (ದೂಡಾ), ಪ್ರವಾಸೋದ್ಯಮ ಇಲಾಖೆಗೆ, ಹಾಗೂ ಊರಿನ ಸಮಸ್ತರಿಗೆ,

ನಮಸ್ಕಾರ.

ದಾವಣಗೆರೆ ನಿಲ್ದಾಣದಲ್ಲಿ ಸುಮ್ಮನೆ ಊರು ನೋಡಿಹೋಗಲು ಇಳಿಯುವವರು ಈಗ ಇದ್ದಾರೆ. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರಿಂದ ಇಲ್ಲಿ ನಿಲ್ಲುತ್ತದೆ, ಹೆದ್ದಾರಿ ಊರಿನ ಅಂಚಿಗೇ ಇದೆ. ಬಂದವರು ಬೆಣ್ಣೆ ದೋಸೆ ತಿನ್ನುತ್ತಾರೆ, ಗಾಜಿನ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಸಮಯವಿದ್ದರೆ ಸಂತೇಬೆನ್ನೂರಿನ ಪುಷ್ಕರಣಿಗೋ ಸೂಳೆಕೆರೆಗೋ ಹೋಗಿ ಬರುತ್ತಾರೆ. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಒಬ್ಬರು ಆಟೋದವರಿಗೆ "ಮಿಲ್ಲು ತೋರಿಸ್ರಿ" ಎಂದರೆ ಆಟೋದವರು ಎಲ್ಲಿಗೆ ಕರೆದೊಯ್ಯಬೇಕು? ಡಿ.ಸಿ.ಎಂ. ಟೌನ್‌ಶಿಪ್ ಎಲ್ಲರಿಗೂ ಗೊತ್ತು. ಡಿ.ಸಿ.ಎಂ. ಅಂದರೆ ದಾವಣಗೆರೆ ಕಾಟನ್ ಮಿಲ್ಸ್ ಎಂದು ಬಿಡಿಸಿ ಹೇಳುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ನಮ್ಮ ಕೇಳಿಕೆ ಒಂದೇ. ಮಿಲ್ಲಿನ ದಾವಣಗೆರೆಯನ್ನು ಹೊರಗಿನವರು ಬಂದು ನೋಡುವ ಹಾಗೆ, ಊರಿನ ಮಕ್ಕಳು ಕಂಡು ತಿಳಿಯುವ ಹಾಗೆ ಮಾಡಿ. ಕೋಟಿಗಟ್ಟಲೆ ಸುರಿದು ಹೊಸ ಕಟ್ಟಡ ಎಬ್ಬಿಸಿ ಎನ್ನುತ್ತಿಲ್ಲ. ಇರುವುದನ್ನು ಉಳಿಸಿ, ದಾಖಲಿಸಿ, ಒಂದು ದಾರಿ ಗುರುತು ಮಾಡಿ. ಹೇಗೆ ಎಂಬುದನ್ನು ಕೆಳಗೆ ಬಿಡಿಬಿಡಿಯಾಗಿ ಬರೆದಿದ್ದೇವೆ. ನೂಲಿನ ಕೆಲಸ, ಹಳೇ ಕಟ್ಟಡದ ಕೆಲಸ, ಹಳೇ ಕಾಗದಪತ್ರದ ಕೆಲಸ ಬಲ್ಲವರು ಕೂಡಿ ಬರೆದ ಪತ್ರ ಇದು.

ಮೊದಲು, ಈ ಊರು ಮಿಲ್ಲಿನ ಊರಾದದ್ದು ಹೇಗೆ ಎಂಬುದು ನಿಮ್ಮ ಪ್ರವಾಸಿ ಕೈಪಿಡಿಯಲ್ಲಿ ಸರಿಯಾಗಿ ಬರಬೇಕು. ದಾವಣಗೆರೆ ಇದ್ದಕ್ಕಿದ್ದಂತೆ ಗಿರಣಿ ಊರಾಗಲಿಲ್ಲ, ಅದಕ್ಕೂ ಮೊದಲು ಅದು ಮಂಡಿಯ ಊರು. ಹೈದರಾಲಿ ಈ ಊರನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಇಳಿದು, ಇಲ್ಲಿಂದ ಎತ್ತಿನ ಮೇಲೆ ದೂರದ, ಈಗಿನ ತಮಿಳುನಾಡಿನ ವಾಲಾಜಪೇಟೆಯವರೆಗೆ ಹೋಗುತ್ತಿತ್ತು. ಅಲ್ಲಿಂದ ಬಟ್ಟೆ, ಉಪ್ಪು ಮರಳಿ ಬರುತ್ತಿತ್ತು. ಸುತ್ತಲಿನ ಹಳ್ಳಿಗಳ ಕಂಬಳಿಗೂ ಹೆಸರಿತ್ತು. ಎಳೆ ಎಷ್ಟು ನಯವೆಂದರೆ ಕೆಲವು ಕಂಬಳಿಗಳು ಇನ್ನೂರು, ಮುನ್ನೂರು ರೂಪಾಯಿಗೆ ಹೋದವು ಎಂದು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ ದಾಖಲಾಗಿದೆ, ಆ ಕಾಲದ ಇನ್ನೂರು ರೂಪಾಯಿ! 1870ರಲ್ಲಿ ಪುರಸಭೆ ಬಂತು. ಆಮೇಲೆ ರೈಲು ಬಂತು. ಸುತ್ತ ಎರೆ ಭೂಮಿಯಲ್ಲಿ ಹತ್ತಿ, ಮಂಡಿಯವರ ಕೈಯಲ್ಲಿ ದುಡ್ಡು, ಸರಕು ಸಾಗಿಸಲು ಹಳಿ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ಅರಳೆ ಒತ್ತುವ ಪ್ರೆಸ್ಸು ಇದ್ದ ಊರಿಗೆ ನೂಲಿನ ಗಿರಣಿ ಮುಂದಿನ ಮೆಟ್ಟಿಲು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಹುಟ್ಟಿತು. ಅದರ ಬೆನ್ನಿಗೆ ಶಂಕರ್, ಗಣೇಶರ್, ಚಂದ್ರೋದಯ, ಆಂಜನೇಯ, ತೋಳಹುಣಸೆಯ ಯಲ್ಲಮ್ಮ ಹೀಗೆ ಒಂದರ ಹಿಂದೊಂದು ಬಂದವು.

ಮಿಲ್ಲಿನ ದುಡ್ಡು ಮಿಲ್ಲಿನೊಳಗೇ ಉಳಿಯಲಿಲ್ಲ ಎಂಬುದನ್ನೂ ಕೈಪಿಡಿಯಲ್ಲಿ ಬರೆಯಿರಿ. 1951ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲಿರುವ ಬಿ.ಡಿ.ಟಿ. ಎಂದರೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ್, ಈ ಊರಿನ ಜವಳಿ ಉದ್ಯಮದ ಮನೆತನ. 'ವಿದ್ಯಾನಗರಿ' ಎಂಬ ಇಂದಿನ ಬಿರುದಿನ ಬೇರು ಹತ್ತಿಯಲ್ಲೇ ಇದೆ. ಅದೇ ರೀತಿ ಕಾರ್ಮಿಕರ ಇತಿಹಾಸ. ಸಿಪಿಐನ ಪಂಪಾಪತಿಯವರನ್ನು 1978, 1983, 1985ರಲ್ಲಿ ಸತತ ಮೂರು ಸಲ ವಿಧಾನಸಭೆಗೆ ಕಳಿಸಿದ ಊರು ಇದು. ಆ ಮತ ಬಂದದ್ದು ಗಿರಣಿಯ ಗೇಟಿನಿಂದ. ಮಾಲೀಕರ ಹೆಸರಿನ ಫಲಕ ಹಾಕಿ ಕಾರ್ಮಿಕರ ಹೆಸರು ಬಿಟ್ಟರೆ ಅರ್ಧ ಇತಿಹಾಸವನ್ನಷ್ಟೇ ಬರೆದ ಹಾಗಾಗುತ್ತದೆ.

ಇನ್ನು ಮಿಲ್ಲಿನೊಳಗೆ ಏನಾಗುತ್ತಿತ್ತು? ಇದನ್ನು ಒಂದು ಫಲಕದಲ್ಲಿ, ಏಳನೇ ತರಗತಿಯ ಹುಡುಗಿಗೆ ಅರ್ಥವಾಗುವ ಹಾಗೆ ಹೇಳಲು ಸಾಧ್ಯವಿದೆ. ಈಗಿನ ಲೆಕ್ಕದಲ್ಲಿ ಒಂದು ಹತ್ತಿ ಬೇಲು 170 ಕಿಲೋ. ಒತ್ತಿ ಕಲ್ಲಾಗಿರುವ ಆ ಅರಳೆಯನ್ನು ಬ್ಲೋ ರೂಮಿನಲ್ಲಿ ಬಿಡಿಸಿ, ಬಡಿದು, ಸಿಪ್ಪೆ, ಮಣ್ಣು ಉದುರಿಸುತ್ತಾರೆ. ಕಾರ್ಡಿಂಗ್ ಯಂತ್ರದ ಸೂಜಿಹಲ್ಲು ಅದನ್ನು ಬಾಚಿ, ಜೇಡರ ಬಲೆಯಂಥ ತೆಳು ಪದರ ಮಾಡಿ, ಹೆಬ್ಬೆರಳಿನ ದಪ್ಪದ ಹುರಿಯಿಲ್ಲದ ಎಳೆಯಾಗಿ ಡಬ್ಬಿಗೆ ಇಳಿಸುತ್ತದೆ. ಡ್ರಾ ಫ್ರೇಮಿನಲ್ಲಿ ಅಂಥ ಆರೋ ಎಂಟೋ ಎಳೆ ಕೂಡಿಸಿ ಮತ್ತೆ ಒಂದಾಗಿ ಎಳೆಯುತ್ತಾರೆ, ಒಂದರ ತೆಳುವು ಇನ್ನೊಂದರ ದಪ್ಪದಲ್ಲಿ ಸರಿಹೋಗಲಿ ಎಂದು. ಸಿಂಪ್ಲೆಕ್ಸಿನಲ್ಲಿ ಅದು ಪೆನ್ಸಿಲಿಗಿಂತ ಸಣ್ಣದಾಗಿ ಸ್ವಲ್ಪ ಹುರಿ ಪಡೆಯುತ್ತದೆ. ಕೊನೆಗೆ ರಿಂಗ್ ಫ್ರೇಮ್. ಅಲ್ಲಿ ಕದಿರು ಗಿರಗಿರ ತಿರುಗುತ್ತದೆ, ಉಂಗುರದ ಅಂಚಿನ ಮೇಲೆ ಟ್ರಾವೆಲರ್ ಎಂಬ, ಕೂದಲೆಳೆಯಷ್ಟು ಹಗುರವಾದ ಉಕ್ಕಿನ ಕೊಂಡಿ ಓಡುತ್ತದೆ, ಅದು ಓಡಿದಂತೆಲ್ಲ ನೂಲಿಗೆ ಹುರಿ ಬಿದ್ದು ಬಾಬಿನ್‌ಗೆ ಸುತ್ತಿಕೊಳ್ಳುತ್ತದೆ. ತುಂಬಿದ ಬಾಬಿನ್ ಕಿತ್ತು ಖಾಲಿಯದನ್ನು ಹಾಕುವವನು ಡಾಫರ್. ಕಡಿದ ಎಳೆ ಕೂಡಿಸುತ್ತ ಫ್ರೇಮಿನ ಉದ್ದಕ್ಕೂ ಪಾಳಿಯಿಡೀ ನಡೆಯುವವನು ಸೈಡರ್.

ನೂಲಿನ ನಂಬರು ಎಂದರೇನು ಎಂದು ಎಲ್ಲರೂ ಕೇಳುತ್ತಾರೆ. 840 ಗಜದ ಒಂದು ಲಡಿ ಒಂದು ಪೌಂಡ್ ತೂಗಿದರೆ ಅದು 1ನೇ ನಂಬರು. 20ನೇ ನಂಬರಿನ ನೂಲು ಎಂದರೆ ಅಂಥ 20 ಲಡಿ ಸೇರಿ ಒಂದು ಪೌಂಡ್. ಅಂದರೆ 16,800 ಗಜ, ನಮ್ಮ ಲೆಕ್ಕದಲ್ಲಿ 15 ಕಿಲೋಮೀಟರಿಗೂ ಹೆಚ್ಚು. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಅರ್ಧ ಕಿಲೋಗಿಂತ ಕಡಿಮೆ ಹತ್ತಿಯಿಂದ ತೆಗೆದ ಒಂದೇ ಎಳೆಯನ್ನು ಇಲ್ಲಿನ ನಿಲ್ದಾಣದಲ್ಲಿ ಕಟ್ಟಿ ನಡೆಯುತ್ತ ಹೋದರೆ ಹರಿಹರ ತಲುಪಿಯೂ ನೂಲು ಮಿಗುತ್ತದೆ. ಇಷ್ಟನ್ನು ಒಂದು ಫಲಕದ ಮೇಲೆ ಬರೆದು, ಕೆಳಗೆ ಗಾಜಿನೊಳಗೆ ಆ ಒಂದು ಪೌಂಡ್ ನೂಲನ್ನು ಇಡಿ. ಮಕ್ಕಳು ಅಲ್ಲೇ ನಿಂತು ನೋಡುತ್ತಾರೆ.

ಮಿಲ್ಲುಗಳು ಮುಚ್ಚಿದ್ದಕ್ಕೆ ಒಬ್ಬರನ್ನು ಬೊಟ್ಟು ಮಾಡಿ ತೋರಿಸುವುದು ಸುಲಭ, ಆದರೆ ಸರಿಯಲ್ಲ. ಮುಷ್ಕರದಿಂದ ಮುಚ್ಚಿತು ಎನ್ನುವವರಿದ್ದಾರೆ, ಮಾಲೀಕರು ಯಂತ್ರಕ್ಕೆ ದುಡ್ಡು ಹಾಕಲಿಲ್ಲ ಎನ್ನುವವರೂ ಇದ್ದಾರೆ. ಕಾರಣಗಳು ಹೆಣೆದುಕೊಂಡಿದ್ದವು. ನೂಲು, ನೇಯ್ಗೆ ಎರಡನ್ನೂ ಒಂದೇ ಸೂರಿನಡಿ ಮಾಡುವ ದೊಡ್ಡ ಗಿರಣಿಗೆ ಇದ್ದ ಸುಂಕ, ಕೂಲಿ, ಕಾಯಿದೆಯ ಹೊರೆ ಸಣ್ಣ ವಿದ್ಯುತ್ ಮಗ್ಗಕ್ಕೆ ಇರಲಿಲ್ಲ. ಬಟ್ಟೆಯ ಮಾರುಕಟ್ಟೆ ದೇಶದಾದ್ಯಂತ ಆ ಕಡೆಗೆ ವಾಲಿತು. ಮಳೆ ಕೈಕೊಟ್ಟ ವರ್ಷ ರಾಜ್ಯದಲ್ಲಿ ವಿದ್ಯುತ್ ಕಡಿತ ಬೀಳುತ್ತಿತ್ತು. ಹೊರಗಿನವರಿಗೆ ಕರೆಂಟು ಅರ್ಧ ಗಂಟೆ ಹೋಯಿತು ಎಂದಷ್ಟೇ ಕಾಣುತ್ತದೆ. ರಿಂಗ್ ಫ್ರೇಮ್ ನಿಂತು ಮತ್ತೆ ಹೊರಟಾಗ ಸಡಿಲಾದ ಎಳೆ ಸುರುಳಿ ಬಿದ್ದು ನೂರಾರು ಕಡೆ ಕಡಿಯುತ್ತದೆ, ಒಂದೊಂದನ್ನೂ ಬೆರಳಿನಿಂದ ಕೂಡಿಸಬೇಕು. ಆರ್ದ್ರತೆ ಕೊಡುವ ಫ್ಯಾನು ನಿಂತಿರುವುದರಿಂದ ಶೆಡ್ಡಿನ ಗಾಳಿ ಒಣಗಿ ಕಡಿತ ಇನ್ನೂ ಹೆಚ್ಚುತ್ತದೆ. ಹತ್ತಿಯೂ ಬದಲಾಯಿತು. ಧಾರವಾಡದಲ್ಲಿ ತಯಾರಾದ ಹೈಬ್ರಿಡ್ ಹತ್ತಿ ತಳಿಗಳಾದ ವರಲಕ್ಷ್ಮಿ 1972ರಲ್ಲಿ, ಡಿ.ಸಿ.ಎಚ್. 32 1981ರಲ್ಲಿ ಬಂದ ಮೇಲೆ ರೈತರು ಉದ್ದ ಎಳೆಯ ಹತ್ತಿಗೆ ತಿರುಗಿದರು. ಗಿಡ್ಡ, ಮಧ್ಯಮ ಎಳೆಗೆ ಕೂರಿಸಿದ ಹಳೇ ಯಂತ್ರದ ರೋಲರುಗಳ ಅಂತರ ಅದಕ್ಕೆ ಹೊಂದುವುದಿಲ್ಲ. ಕೊನೆಗೆ ಹೊಲಗಳಿಗೆ ಮೆಕ್ಕೆಜೋಳ ಬಂತು. ಸುಗ್ಗಿಯಲ್ಲಿ ಎ.ಪಿ.ಎಂ.ಸಿ. ಅಂಗಳಕ್ಕೆ ಹೋಗಿ ನೋಡಿ, ಹತ್ತಿಯ ಬೇಲು ಕಾಣಬೇಕಾದ ಊರಿನಲ್ಲಿ ಹಳದಿ ರಾಶಿ. ಯಲ್ಲಮ್ಮ ಮಿಲ್ಲನ್ನು ಕೇಂದ್ರ ಸರ್ಕಾರ 1974ರ ಕಾಯಿದೆಯಡಿ ರಾಷ್ಟ್ರೀಕರಣ ಮಾಡಿ ರಾಷ್ಟ್ರೀಯ ಜವಳಿ ನಿಗಮಕ್ಕೆ ಒಪ್ಪಿಸಿತು. ಅದೇ ತೋಳಹುಣಸೆ ಈಗ ದಾವಣಗೆರೆ ವಿಶ್ವವಿದ್ಯಾನಿಲಯದ ಊರು.

ಈಗ ಮಾಡಬೇಕಾದ ಕೆಲಸ. ಪರಂಪರೆ ಎಂದ ಕೂಡಲೇ ಆಡಳಿತದ ಕಣ್ಣು ಕಟ್ಟಡದ ಮೇಲೆ ಹೋಗುತ್ತದೆ. ನಮ್ಮ ಅಭಿಪ್ರಾಯ ಬೇರೆ. ಗೋಡೆ ಇನ್ನೂ ಹತ್ತು ವರ್ಷ ನಿಲ್ಲಬಹುದು. ಗೋಡೆಗಿಂತ ಮೊದಲು ಯಂತ್ರ ಗುಜರಿಗೆ ಹೋಗುತ್ತದೆ, ಯಂತ್ರಕ್ಕಿಂತ ಮೊದಲು ಕಾಗದ ರದ್ದಿಗೆ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ಮನುಷ್ಯರು ಹೋಗುತ್ತಾರೆ. 1975ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಪ್ಪತ್ತರ ಆಸುಪಾಸು. ಆದ್ದರಿಂದ ಅವರಿಂದಲೇ ಆರಂಭಿಸಿ.

ಕಾರ್ಮಿಕರ ಮಾತು ಧ್ವನಿಮುದ್ರಿಸಲು ಸ್ಟುಡಿಯೋ ಬೇಡ. ಒಳ್ಳೆಯ ಮೊಬೈಲು, ಅಂಗಿಗೆ ಸಿಕ್ಕಿಸುವ ಒಂದು ಮೈಕು, ಫ್ಯಾನು ಆರಿಸಿದ ಕೋಣೆ ಸಾಕು. ಒಂದು ಸಲಕ್ಕೆ ಒಂದು ಗಂಟೆ ಮೀರದಿರಲಿ, ಒಬ್ಬೊಬ್ಬರ ಬಳಿಗೂ ಎರಡು ಸಲವಾದರೂ ಹೋಗಬೇಕು. ಮೊದಲ ಸಲ ಮರೆತದ್ದು ರಾತ್ರಿ ನೆನಪಾಗಿರುತ್ತದೆ. ಕೆಲಸ ಕೆಡುವುದು ಪ್ರಶ್ನೆಯಲ್ಲಿ. "ಆಗಿನ ಜೀವನ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರ ಬಂದು ಮುಗಿಯುತ್ತದೆ. "ಗೇಟು ದಾಟಿ ಒಳಗೆ ಹೋದರೆ ಎಡಕ್ಕೆ ಏನಿತ್ತು? ಟೋಕನ್ ಎಲ್ಲಿ ಕೊಡುತ್ತಿದ್ದರು? ಬಾರದವರ ಬದಲಿ ಕೆಲಸಕ್ಕೆ ಎಷ್ಟು ಹೊತ್ತು ಕಾಯಬೇಕಿತ್ತು? ನಿಮ್ಮ ಫ್ರೇಮಿಗೆ ಎಷ್ಟು ಕದಿರು? ಆ ಸದ್ದಿನಲ್ಲಿ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಿದ್ದಿರಿ?" ಎಂದು ಕೇಳಿ. ಸೋಮವಾರದ ಎದೆ ಬಿಗಿತದ ಬಗ್ಗೆಯೂ ತಪ್ಪದೆ ಕೇಳಿ. ಹತ್ತಿಯ ಧೂಳು ವರ್ಷಗಟ್ಟಲೆ ಕುಡಿದವರಿಗೆ ಬರುವ ಬಿಸಿನೋಸಿಸ್ ವಾರದ ರಜೆ ಮುಗಿದು ಮತ್ತೆ ಒಳಗೆ ಕಾಲಿಟ್ಟ ದಿನವೇ ಹೆಚ್ಚು ಕಾಡುತ್ತದೆ. ಬ್ಲೋ ರೂಂ, ಕಾರ್ಡಿಂಗ್‌ನಲ್ಲಿ ದುಡಿದವರು ಇದನ್ನು ಅಸ್ತಮಾ ಎಂದುಕೊಂಡೇ ಬದುಕಿರುತ್ತಾರೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ, ಆ ಲೆಕ್ಕದಲ್ಲೇ ಜನ ಹಾಕಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಸಹಿ ಹಾಕಿಸುವ ಮೊದಲು ಗಟ್ಟಿಯಾಗಿ ಓದಿ ಹೇಳಿ. ಹೆಂಗಸರನ್ನು ಬಿಡಬೇಡಿ. ನೂಲು ಸುತ್ತುವ ರೀಲಿಂಗ್, ವೈಂಡಿಂಗ್‌ನಲ್ಲಿ ಕೈಯಾಡಿಸಿದವರು, ಮೂರು ಪಾಳಿಗೆ ಮೂರು ಸಲ ಒಲೆ ಹಚ್ಚಿದವರು ಹೇಳುವ ಮಿಲ್ಲು ಬೇರೆಯೇ ಇರುತ್ತದೆ.

ಕಾಗದದ ವಿಷಯ ಇದರ ಜೊತೆಗೇ ಸಾಗಬೇಕು. ಮನೆಮನೆಯ ಟ್ರಂಕಿನಲ್ಲಿ ಇ.ಎಸ್.ಐ. ಕಾರ್ಡು, ಪಿ.ಎಫ್. ಚೀಟಿ, ಬೋನಸ್ ನೋಟಿಸು, ಸಂಘದ ಕರಪತ್ರ, ನಿವೃತ್ತಿಯ ದಿನದ ಗುಂಪು ಫೋಟೋ ಇರುತ್ತವೆ. ಮೂಲವನ್ನು ಅವರಿಂದ ಕಿತ್ತುಕೊಳ್ಳುವ ಅಗತ್ಯವಿಲ್ಲ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಅಲ್ಲೇ ಮರಳಿಸಿ. ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಹೆಸರು, ಇಸವಿ ಅಲ್ಲೇ ಇರುತ್ತವೆ. ಉಳಿಸುತ್ತೇವೆಂದು ಲ್ಯಾಮಿನೇಷನ್ ಮಾಡಿಸುವುದು ಎಲ್ಲ ಕಡೆ ಆಗುವ ತಪ್ಪು. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಒಳಗಿನ ಕಾಗದ ಹಳದಿಯಾಗಿ ಪುಡಿಯಾಗುವುದನ್ನು ಹೊರಗಿನಿಂದ ನೋಡುತ್ತ ಕೂರಬೇಕು. ಸೆಲ್ಲೋ ಟೇಪು ಅಂಟಿಸಿದರೂ ಅದೇ ಗತಿ. ಮಸ್ಟರ್ ರೋಲು (ಹಾಜರಿ ಪಟ್ಟಿ), ಕೂಲಿ ಪುಸ್ತಕದಂಥ ದಪ್ಪ ಲೆಡ್ಜರು ಸಿಕ್ಕರೆ ನಿಲ್ಲಿಸಿ ಇಡಬೇಡಿ, ಹೊಲಿಗೆ ಹರಿಯುತ್ತದೆ. ಮಲಗಿಸಿ ಇಡಿ.

ಯಂತ್ರಗಳ ಸಮೀಕ್ಷೆಗೆ ಹೊರಗಿನ ಸಲಹೆಗಾರರು ಬೇಕಿಲ್ಲ. ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜವಳಿ ತಂತ್ರಜ್ಞಾನ ಕಲಿಸಿದ್ದಾರೆ, ಬಿ.ಡಿ.ಟಿ.ಯಲ್ಲಿ ಸಿವಿಲ್, ಮೆಕ್ಯಾನಿಕಲ್ ಇದೆ, ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಅಳತೆಯಿಟ್ಟು ಚಿತ್ರ ಬರೆಯಬಲ್ಲ ಕೈಗಳಿವೆ. ಮೂರನ್ನೂ ಕೂಡಿಸಿ. ಒಂದೊಂದು ಯಂತ್ರಕ್ಕೂ ಒಂದು ಹಾಳೆ: ತಯಾರಕರ ಫಲಕದ ಸಾಲುಗಳು ಇದ್ದ ಹಾಗೇ, ಇಸವಿ, ಕ್ರಮಸಂಖ್ಯೆ, ಉದ್ದ, ಅಗಲ, ಕದಿರಿನ ಸಂಖ್ಯೆ, ನಾಲ್ಕು ಬದಿಯ ಫೋಟೋ. ಆ ಕಾಲದ ನಮ್ಮ ದೇಶದ ಗಿರಣಿಗಳಲ್ಲಿ ಓಲ್ಡ್‌ಹ್ಯಾಮಿನ ಪ್ಲಾಟ್ ಬ್ರದರ್ಸ್, ಆಕ್ರಿಂಗ್ಟನ್ನಿನ ಹೋವರ್ಡ್ ಅಂಡ್ ಬುಲೋ, ಆಮೇಲಿನ ಕಾಲಕ್ಕೆ ಕೊಯಮತ್ತೂರಿನ ಲಕ್ಷ್ಮಿ ಮೆಷಿನ್ ವರ್ಕ್ಸ್, ಟೆಕ್ಸ್‌ಟೂಲ್ ಹೆಸರುಗಳು ಸಾಮಾನ್ಯ. ಫಲಕ ಎರಕದ ಕಬ್ಬಿಣದ ಕೊನೆ ಚೌಕಟ್ಟಿನ ಮೇಲೆ, ಬಣ್ಣದ ಏಳೆಂಟು ಪದರದ ಕೆಳಗೆ ಇರುತ್ತದೆ. ಸುತ್ತಿಗೆ, ಉಳಿ ತೆಗೆದುಕೊಂಡು ಕೆರೆಯಬೇಡಿ. ಪೇಂಟ್ ರಿಮೂವರ್ ಸವರಿ, ಮರದ ಚಕ್ಕೆಯಿಂದ ತೆಗೆಯಿರಿ. ಊರಿನ ಗುಜರಿ ಅಂಗಡಿಯವರನ್ನೂ ಕರೆದು ಮಾತಾಡಿ. ಬಾಬಿನ್, ಲಾಳಿ, ಹಣಿಗೆ, ಹಲ್ಲುಚಕ್ರ, ಗೋಡೆ ಗಡಿಯಾರ ಕೈಗೆ ಬಂದರೆ ತೂಕದ ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಕೊಡುತ್ತೇವೆ ಎಂದು ಹೇಳಿದರೆ ಸಾಕು, ಅವರಷ್ಟು ಚೆನ್ನಾಗಿ ಹುಡುಕಿಕೊಡುವವರು ಯಾರೂ ಇಲ್ಲ.

ಇನ್ನು ಕಟ್ಟಡ. ಉಳಿದಿರುವ ಗಿರಣಿ ಜಾಗಗಳಿಗೆ ಯಾರನ್ನಾದರೂ ಬಿಡುವ ಮೊದಲು ನೋಡಬೇಕಾದ ನಾಲ್ಕೈದು ಅಪಾಯಗಳಿವೆ. ಗರಗಸದ ಹಲ್ಲಿನಂಥ ಸೂರು ಉತ್ತರಕ್ಕೆ ಗಾಜು ತೆರೆದಿರುವುದು ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಸಮನೆ ಬೆಳಕು ಸಿಗಲಿ ಎಂದು. ಅದರ ಎರಡು ಹಲ್ಲುಗಳ ನಡುವಿನ ತಗ್ಗು ದೋಣಿಯಲ್ಲಿ ಎಲೆ ಕಟ್ಟಿ ನೀರು ನಿಂತರೆ ಕೆಳಗಿನ ಕಬ್ಬಿಣದ ಕಂಬ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಎಷ್ಟೋ ಕಡೆ ಆ ಕಂಬವೇ ಮಳೆನೀರಿನ ಪೈಪೂ ಹೌದು. ಮೇಲೆ ಹೊದಿಸಿದ್ದು ಆಸ್‌ಬೆಸ್ಟಾಸ್ ಶೀಟಾದರೆ ಕೊಯ್ಯಬಾರದು, ಒಡೆಯಬಾರದು, ಅದರ ಮೇಲೆ ಕಾಲಿಡಲೇಬಾರದು. ಒದ್ದೆ ಮಾಡಿ, ಇಡಿಯಾಗಿ ಕಳಚಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಇಳಿಸಬೇಕು. ಹಬೆ ಕೊಳವೆಗೆ ಸುತ್ತಿದ ಬಿಳಿ ಉಣ್ಣೆಯಂಥದ್ದೂ ಅದೇ ಆಗಿರಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ನೆಲದಲ್ಲಿದೆ. ತೇವದ ಗಾಳಿ ಹಾಯಿಸಲು ರಿಂಗ್ ಫ್ರೇಮಿನ ಕೆಳಗೆ ತೋಡಿದ ಕಾಲುವೆಗಳ ಕಬ್ಬಿಣದ ಜಾಲರಿ ಗುಜರಿಗೆ ಹೋಗಿರುತ್ತದೆ, ಮೇಲೆ ಕಸ, ಬಳ್ಳಿ ಮುಚ್ಚಿರುತ್ತದೆ. ಬೆಳಕಿರುವಾಗಲೇ, ಉದ್ದ ಕೋಲಿನಿಂದ ನೆಲ ತಟ್ಟುತ್ತ, ಇಬ್ಬರು ಜೊತೆಗೆ ಹೋಗಿ ಗುರುತು ಹಾಕಬೇಕು.

ಇಟ್ಟಿಗೆ ಚಿಮಣಿ ಇದ್ದಲ್ಲಿ ಅದೇ ಊರಿನ ಗುರುತು, ಹಾಗಾಗಿ ಅದರ ಬಗ್ಗೆ ನಾಲ್ಕು ಮಾತು ಹೆಚ್ಚು. ಚಿಮಣಿ ಮೊದಲು ಕೆಡುವುದು ತುದಿಯ ಕೆಲವು ಅಡಿಗಳಲ್ಲಿ. ಕಲ್ಲಿದ್ದಲ ಹೊಗೆಯ ಗಂಧಕ ಗಾರೆಯೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ಇಟ್ಟಿಗೆ ಸಡಿಲಾಗುತ್ತದೆ. ಹಕ್ಕಿ ತಂದು ಹಾಕಿದ ಅರಳಿ ಬೀಜ ಆ ಸಂದಿನಲ್ಲೇ ಮೊಳೆಯುತ್ತದೆ. ಅರಳಿಯನ್ನು ಎಳೆದು ಕಿತ್ತರೆ ಬೇರಿನ ಜೊತೆ ಗೋಡೆಯೂ ಬರುತ್ತದೆ. ಬುಡದಲ್ಲಿ ಕೊಯ್ದು, ಕೊಯ್ದ ಬಾಯಿಗೆ ಬೇರುನಾಶಕ ತುಂಬಿ, ಸತ್ತ ಮೇಲೆ ತೆಗೆಯಬೇಕು. ಸಂದು ತುಂಬಲು ಸಿಮೆಂಟು ಬಳಸಬೇಡಿ. ಸಿಮೆಂಟು ಗಡುಸು, ಒಳಗಿನ ತೇವವನ್ನು ಹೊರಗೆ ಬಿಡದು, ಎರಡು ಮಳೆಗಾಲದಲ್ಲಿ ಹಳೇ ಇಟ್ಟಿಗೆಯ ಮುಖವನ್ನೇ ಉದುರಿಸುತ್ತದೆ. ವಾರಗಟ್ಟಲೆ ನೆನೆದು ಹದಗೊಂಡ ಸುಣ್ಣ ಒಂದು ಪಾಲು, ಇಟ್ಟಿಗೆ ಪುಡಿ ಒಂದು ಪಾಲು, ಮರಳು ಎರಡು ಪಾಲು, ಇದು ನಮ್ಮ ಹಳೇ ಗಾರೆ ಕೆಲಸದವರ ಲೆಕ್ಕ. ಹಾಕಿದ ಮೇಲೆ ಒದ್ದೆ ಗೋಣಿ ಕಟ್ಟಿ ಹತ್ತು ದಿನ ಒಣಗದಂತೆ ನೋಡಿಕೊಳ್ಳಬೇಕು. ಸಿಡಿಲುಕಂಬಿಯ ತಾಮ್ರದ ಪಟ್ಟಿ ಕಳುವಾಗಿದೆಯೇ ಎಂದು ಮೊದಲು ನೋಡಿ. ಸಾಮಾನ್ಯವಾಗಿ ಆಗಿರುತ್ತದೆ.

ಕಾನೂನಿನ ಒಂದು ತೊಡಕನ್ನು ಈಗಲೇ ಬಿಡಿಸಿಕೊಳ್ಳಿ. ಸ್ಮಾರಕವೆಂದು ರಕ್ಷಿಸುವ ಕೇಂದ್ರದ 1958ರ ಕಾಯಿದೆಯೂ ರಾಜ್ಯದ 1961ರ ಕಾಯಿದೆಯೂ ನೂರು ವರ್ಷದ ಅಳತೆಗೋಲು ಹಿಡಿದಿವೆ. 1930ರ ದಶಕದ ಗಿರಣಿಗೆ ಇನ್ನೂ ನೂರು ತುಂಬಿಲ್ಲ. ತುಂಬುವವರೆಗೆ ಕಾಯುತ್ತ ಕೂತರೆ ರಕ್ಷಿಸಲು ಏನೂ ಉಳಿದಿರುವುದಿಲ್ಲ. ದಾರಿ ಇರುವುದು ದೂಡಾದ ಕೈಯಲ್ಲಿ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಮಾಡುವ ಮಹಾಯೋಜನೆಯಲ್ಲಿ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಎಂದು ಗುರುತಿಸಲು ಅವಕಾಶವಿದೆ. ಗಿರಣಿಯ ಇಡೀ ಜಾಗ ಬೇಡ, ಮಾಲೀಕರ ಹಕ್ಕೂ ಇದೆ. ಗೇಟು, ಸಮಯ ಕಚೇರಿ, ಚಿಮಣಿ, ಸೂರಿನ ಒಂದು ಅಂಕಣ, ಕಾರ್ಮಿಕರ ಮನೆಗಳ ಒಂದು ಸಾಲು, ಇಷ್ಟನ್ನು ಉಳಿಸಿ ಉಳಿದದ್ದರಲ್ಲಿ ಬಡಾವಣೆ ಮಾಡಿಕೊಳ್ಳಿ ಎಂಬ ಷರತ್ತನ್ನು ವಿನ್ಯಾಸ ಮಂಜೂರಾತಿಯಲ್ಲೇ ಬರೆಯಬಹುದು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಹೆಸರು ಬಂದ ಊರಿಗೆ ಇದು ಮೀರಿದ ಕೆಲಸವಲ್ಲ.

ನೋಡಲು ಬರುವವರಿಗೆ ದಾರಿ ಹೀಗಿರಲಿ. ನವೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದರ ಮೇಲೆ ಯಾರನ್ನೂ ನಡೆಸಬೇಡಿ. ಬೆಳಗಿನ ಜಾವ ಮಂಡಕ್ಕಿ ಭಟ್ಟಿಯಿಂದ ಆರಂಭಿಸಬೇಕು, ಏಕೆಂದರೆ ಈ ಊರಿನಲ್ಲಿ ಇನ್ನೂ ಉಸಿರಾಡುತ್ತಿರುವ ಹಳೇ ಉದ್ಯಮ ಅದು. ನೆನೆಸಿ, ಬೇಯಿಸಿ, ಒಣಗಿಸಿದ ಭತ್ತದ ಅಕ್ಕಿಗೆ ಉಪ್ಪುನೀರು ಹಿಡಿಸಿ, ಹದಕ್ಕೆ ಆರಿಸಿ, ಕಾದ ಮರಳಿಗೆ ಹಾಕುತ್ತಾರೆ. ಎಣಿಸಿ ಹತ್ತು ಹದಿನೈದು ಕ್ಷಣ. ಬಾಣಲೆಯಲ್ಲಿ ಕಂದು ಮರಳು ಇದ್ದಕ್ಕಿದ್ದಂತೆ ಬೆಳ್ಳಗೆ ಉಕ್ಕಿ ಬರುತ್ತದೆ, ಜರಡಿಗೆ ಎತ್ತಿ ಹಾಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ತೇವ ಹೆಚ್ಚಿದ್ದರೆ ಅರಳದ ಗಟ್ಟಿ ಕಾಳು, ಕಡಿಮೆಯಿದ್ದರೆ ಸೀದ ಕಾಳು. ಆ ಹದವನ್ನು ಕೈಯಲ್ಲಿ ಹಿಡಿದೇ ಹೇಳುವವರಿದ್ದಾರೆ. ಆದರೆ ಹಳೇ ಟೈರು ಸುಡುವ ಕಪ್ಪು ಹೊಗೆ ಅಲ್ಲಿನ ಜನರ ಎದೆಗೆ ಇಳಿದದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಶುದ್ಧ ಇಂಧನದ ಒಲೆ, ಎತ್ತರದ ಹೊಗೆಕೊಳವೆಯ ಏರ್ಪಾಡು ಮಾಡದೆ ಪ್ರವಾಸಿಗರನ್ನು ಕರೆತಂದು ಅವರ ಬೆವರನ್ನು ಪ್ರದರ್ಶನಕ್ಕಿಡಬೇಡಿ. ಅಲ್ಲಿಂದ ದೋಸೆ. ದೋಸೆ ಹಿಟ್ಟಿಗೂ ಅದೇ ಮಂಡಕ್ಕಿ ಬೀಳುತ್ತದೆ ಎಂದು ಹೇಳಿದರೆ ಎರಡೂ ಕೂಡಿಕೊಳ್ಳುತ್ತವೆ. ಆಮೇಲೆ ನಡಿಗೆ: ಹಳಿಯ ಆಚೆಗಿನ ಹಳೇ ದಾವಣಗೆರೆಯಲ್ಲಿ ಮಂಡಿಪೇಟೆ, ಚೌಕಿಪೇಟೆಯ ಬಟ್ಟೆ ಅಂಗಡಿ ಸಾಲು, ಹೊಂಡದ ಸರ್ಕಲ್. ಅಲ್ಲಿಂದ ಆಟೋದಲ್ಲಿ ಡಿ.ಸಿ.ಎಂ. ಕಡೆಗೆ.

ಮಧ್ಯಾಹ್ನ ಹರಿಹರ. 1224ರ ಹರಿಹರೇಶ್ವರನ ಗುಡಿಗೆ ಎಲ್ಲರೂ ಹೋಗುತ್ತಾರೆ. ಅದರ ಜೊತೆಗೆ 1868ರಲ್ಲಿ ಮುಗಿದ ತುಂಗಭದ್ರೆಯ ಹಳೇ ಸೇತುವೆಯ 14 ಕಮಾನುಗಳನ್ನು ನದಿಯ ದಡದಿಂದ ತೋರಿಸಿ, ಬೆಂಗಳೂರು–ಧಾರವಾಡ ರಸ್ತೆ ನದಿ ದಾಟಿದ್ದು ಅದರ ಮೇಲೆ. ಮತ್ತೆ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು, ಆದರೆ ಅದರ ಲೇತುಗಳು ಇನ್ನೂ ದುಡಿಯುತ್ತಿವೆ. ಯಾವುದೇ ಊರಿನ ಹಳೇ ವರ್ಕ್‌ಶಾಪಿಗೆ ಹೋಗಿ, 'ಎಂಟರ್‌ಪ್ರೈಸ್' ಅಥವಾ 'ಟರ್ನ್‌ಮಾಸ್ಟರ್' ಎಂದು ಬರೆದ ಲೇತು ಕಂಡರೆ ಅದು ಹರಿಹರದ ಕೂಸು. ಅಂಥ ಒಂದನ್ನು ಊರಿಗೆ ಮರಳಿ ತಂದು, ಐ.ಟಿ.ಐ. ಮಕ್ಕಳ ಕೈಯಲ್ಲಿ ಓಡಿಸಿ ತೋರಿಸುವುದು ಕಷ್ಟವಲ್ಲ.

ನೂಲಿನ ಕಡೆಗೂ ಹಾಗೆಯೇ ಒಂದು ಓಡುವ ಯಂತ್ರ ಬೇಕು. ಬಣ್ಣ ಬಳಿದು ಸರ್ಕಲ್‌ನಲ್ಲಿ ನಿಲ್ಲಿಸಿದ ಯಂತ್ರ ಯಾರಿಗೂ ಏನೂ ಹೇಳದು. ಅಮೆರಿಕದ ಲೋವೆಲ್ ನಮ್ಮಂಥದೇ ಹತ್ತಿ ಗಿರಣಿ ಊರು. 1978ರಲ್ಲಿ ಆ ಊರನ್ನು ರಾಷ್ಟ್ರೀಯ ಚಾರಿತ್ರಿಕ ಉದ್ಯಾನ ಮಾಡಿದರು. ಅಲ್ಲಿನ ಬೂಟ್ ಗಿರಣಿಯ ಒಂದು ಅಂತಸ್ತಿನಲ್ಲಿ 88 ಮಗ್ಗ ಓಡಿಸುವ ವ್ಯವಸ್ಥೆ ಇಟ್ಟಿದ್ದಾರೆ, ಒಳಗೆ ಹೋಗುವವರ ಕಿವಿಗೆ ಹತ್ತಿಯಂಥ ಮುಚ್ಚಳ ಕೊಡುತ್ತಾರೆ. ನಮಗೆ ಒಂದೇ ಮಗ್ಗ ಸಾಕು. ಮೂರು ಫೇಸ್ ಕರೆಂಟು, ನಡುಗದ ಕಾಂಕ್ರೀಟ್ ಹಾಸು, ಲಾಳಿ ಹಾರಿದರೆ ತಡೆಯುವ ಬಲೆ, ಸುತ್ತ ಎದೆಮಟ್ಟದ ಕಂಬಿ, ಸವೆದಂತೆ ಬದಲಿಸಲು ಲಾಳಿ ಹೊಡೆಯುವ ಚರ್ಮದ ಪಿಕ್ಕಿಂಗ್ ಪಟ್ಟಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಓಡಿಸಲಿ. ವಾರಗಟ್ಟಲೆ ನಿಲ್ಲಿಸಿದರೆ ಎಣ್ಣೆ ಅಂಟಾಗಿ, ಹಾಸಿನ ಗಂಜಿಗೆ ಇಲಿ ಬಂದು, ಮತ್ತೆ ಓಡದು. ನಿವೃತ್ತ ಜಾಬರ್ (ಗಿರಣಿಯ ಮೇಸ್ತ್ರಿ), ಫಿಟ್ಟರ್ ಇಬ್ಬರನ್ನು ಗೌರವಧನ ಕೊಟ್ಟು ನೇಮಿಸಿ, ಅವರ ಕೈಕೆಳಗೆ ಇಬ್ಬರು ಹುಡುಗರನ್ನು ಹಾಕಿ. ಆ ಹುಡುಗರು ಕಲಿತುಕೊಂಡರೆ ಮಗ್ಗಕ್ಕೆ ಮುಂದಿನ ಮೂವತ್ತು ವರ್ಷದ ಆಯುಷ್ಯ.

ಫಲಕಗಳ ಬಗ್ಗೆ ಕೊನೆಯದಾಗಿ. ಫ್ಲೆಕ್ಸ್ ಬೇಡ, ಒಂದು ಬೇಸಗೆಗೆ ಬಿಳಿಚಿಕೊಳ್ಳುತ್ತದೆ. ಕಲ್ಲಿನ ಮೇಲೆ ಕೆತ್ತಿಸಿ. ಕನ್ನಡ ಮೇಲೆ, ದೊಡ್ಡದಾಗಿ. ಎರಡು ಮೂರು ಮೀಟರ್ ದೂರದಿಂದ ಓದಲು ಅಕ್ಷರ ಒಂದು ಅಂಗುಲ ಎತ್ತರವಿರಬೇಕು. ಉದ್ಘಾಟಿಸಿದವರ ಹೆಸರುಗಳಿಗೆ ಬೇರೆ ಕಲ್ಲು ಹಾಕಿಸಿ, ಇತಿಹಾಸದ ಕಲ್ಲಿನಲ್ಲಿ ಆ ಜಾಗ ಬೇಡ. ಮೊದಲ ಫಲಕ ಡಿ.ಸಿ.ಎಂ. ಟೌನ್‌ಶಿಪ್ಪಿನ ಬಾಯಲ್ಲಿ ನಿಲ್ಲಲಿ. ಒಕ್ಕಣೆ ನಾವೇ ಬರೆದು ಕೊಡುತ್ತಿದ್ದೇವೆ, ತಿದ್ದಿಕೊಳ್ಳಿ:

"ಡಿ.ಸಿ.ಎಂ. ಎಂದರೆ ದಾವಣಗೆರೆ ಕಾಟನ್ ಮಿಲ್ಸ್. 1930ರ ದಶಕದಲ್ಲಿ ಆರಂಭವಾಯಿತು. ಸುತ್ತಲಿನ ಎರೆ ಹೊಲಗಳ ಹತ್ತಿ ಇಲ್ಲಿ ನೂಲಾಯಿತು. ಸೈಡರ್, ಡಾಫರ್, ಜಾಬರ್, ಫಿಟ್ಟರ್, ಬದಲಿ ಕಾರ್ಮಿಕರು ಹಗಲೂ ರಾತ್ರಿ ಪಾಳಿಯಲ್ಲಿ ಇಲ್ಲಿ ದುಡಿದರು. ಅವರ ಮಾತುಗಳನ್ನು ಕೇಳಲು ಪಕ್ಕದ ಗುಂಡಿ ಒತ್ತಿ."

ಇಂತಿ,
ಮಿಲ್ಲಿನ ಕೆಲಸವನ್ನೂ ಊರಿನ ಚರಿತ್ರೆಯನ್ನೂ ಬಲ್ಲ ನಾಗರಿಕರು,
ದಾವಣಗೆರೆ